ಬೀಗದಕ್ಕ ಮತ್ತು ಕೆಂಪು ಪೆಟ್ಟಿಗೆಯ ಹನ್ನೆರಡು ಟೇಪು

ಬೀಳ್ಕೊಡುಗೆಗೆ ಅಕ್ಕನ ಬಗ್ಗೆ ಒಂದು ಪುಟ ಬರೆದು ಕೊಡಬೇಕೆಂದು ಮ್ಯಾನೇಜರ್ ನನಗೆ ಹೇಳಿದ್ದಾರೆ. "ಹುಟ್ಟು, ಓದು, ಸೇವೆ, ಒಳ್ಳೆ ಗುಣ. ಅಷ್ಟು ಸಾಕು," ಎಂದರು. ಹುಟ್ಟು, ಓದು ನನಗೆ ಗೊತ್ತಿಲ್ಲ. ಇಪ್ಪತ್ತೈದು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ನಾವು, ಆದರೂ ಅವಳು ಹುಟ್ಟಿದ ದಿನ ಯಾವುದೆಂದು ನಾನು ಕೇಳಿದ್ದೇ ಇಲ್ಲ. ನನಗೆ ಗೊತ್ತಿರುವುದು ಅವಳ ಭಯ. ಅದರ ಅಳತೆ ತೂಕ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ, ಏಕೆಂದರೆ ಅದರಲ್ಲಿ ಅರ್ಧ ನನ್ನದು.

ನಮ್ಮದು ವಿಡಿಯೋ ಗೇಮ್ ಮಾಡುವ ಕಂಪನಿ. ನನ್ನ ಕೆಲಸ ಬೆಳಗಿನಿಂದ ಸಂಜೆಯವರೆಗೆ ಗೇಮ್ ಆಡುತ್ತ ಅದರಲ್ಲಿನ ತಪ್ಪು ಹುಡುಕುವುದು. ನನ್ನ ತಾಯಿ ಕೊನೆಯವರೆಗೂ ಇದನ್ನು ಕೆಲಸವೆಂದು ಒಪ್ಪಲಿಲ್ಲ. ಅಕ್ಕ ದಾಸ್ತಾನು ಕೋಣೆಯವಳು. ಮುಗಿದ ಗೇಮುಗಳ ಮೂಲ ಚಿತ್ರ, ದನಿ, ಕಂಪ್ಯೂಟರ್ ಕೋಡ್ ಎಲ್ಲವೂ ಟೇಪುಗಳಲ್ಲಿ ತುಂಬಿ ಅವಳ ಕಪಾಟು ಸೇರುತ್ತಿದ್ದವು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದಳು. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಎಳೆಯುತ್ತಿದ್ದಳು. ಅದಕ್ಕೇ ಬೀಗದಕ್ಕ. "ಬೀಗಕ್ಕೇ ಕೈ ನೋವು ಬಂದೀತು ಅಕ್ಕ, ಬಿಡು," ಎಂದು ಎಲ್ಲರೂ ಗೇಲಿ ಮಾಡುವವರೇ. ಮೊದಲ ನಾಲ್ಕು ವರ್ಷ ಅವಳು ಹಾಗಿರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಇಪ್ಪತ್ತೊಂದು ವರ್ಷದ ಹಿಂದೆ ನಾವು ಒಂದು ದೊಡ್ಡ ಗೇಮ್ ಮಾಡಿದೆವು. ಅದರಲ್ಲಿ ನಮ್ಮ ಕಂಪನಿಯ ಕತ್ತಿ ಹಿಡಿದ ಹುಡುಗಿ ಬಾಗಿಲಿನಿಂದ ಬಾಗಿಲಿಗೆ ದಾಟಿ, ಬೇರೊಂದು ಕಂಪನಿಯ ಕಾರ್ಟೂನು ಲೋಕಕ್ಕೆ ಹೋಗುತ್ತಾಳೆ. ಅಲ್ಲಿನ ಸಿಟ್ಟಿನ ಕರಡಿ, ಹಾಡುವ ಕತ್ತೆ ಅವಳ ಜೊತೆ ಸೇರಿ ಕಾದಾಡುತ್ತವೆ. ಕತ್ತಿಯ ಹುಡುಗಿಯ ಪಕ್ಕ ಕತ್ತೆಯೇ ಎಂದು ಮೊದಲು ಎಲ್ಲರೂ ನಕ್ಕರು. ಆಮೇಲೆ ಅದೇ ಕತ್ತೆ ನಮ್ಮೆಲ್ಲರಿಗೂ ಅನ್ನ ಹಾಕಿತು. ಆಫೀಸಿನಲ್ಲಿ ನಮ್ಮ ಪಾತ್ರಗಳಿಗೆ 'ಮನೆಯವರು' ಎಂದೂ ಅವರ ಪಾತ್ರಗಳಿಗೆ 'ನೆಂಟರು' ಎಂದೂ ಹೆಸರು ಬಿತ್ತು.

ನೆಂಟರ ಕಂಪನಿ ಬಲು ಬಿಗಿ. ಗೇಮ್ ಅಂಗಡಿಗೆ ಹೋದ ಮೂವತ್ತು ದಿನದೊಳಗೆ ನೆಂಟರ ಮೂಲ ಟೇಪುಗಳನ್ನೆಲ್ಲ ನಾವು ಅಳಿಸಬೇಕು, ಅಳಿಸಿದ್ದಕ್ಕೆ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಗುಟ್ಟು ಹೊರಬೀಳಬಾರದೆಂದು ಟೇಪಿನ ಮೇಲೆ ಯಾವ ಹೆಸರನ್ನೂ ಬರೆಯುವಂತಿರಲಿಲ್ಲ. ಹೆಸರೆಲ್ಲ ಪೆಟ್ಟಿಗೆಯ ಮೇಲೆ ಮಾತ್ರ. ಮನೆಯವರದು ಕೆಂಪು ಪೆಟ್ಟಿಗೆ, ನೆಂಟರದು ನೀಲಿ. ಎರಡರಲ್ಲೂ ಹನ್ನೆರಡು ಟೇಪು, ನೋಡಲು ಎಲ್ಲವೂ ಒಂದೇ.

ಅಳಿಸುವ ದಿನ ಬೆಳಿಗ್ಗೆ ಅಕ್ಕ ಕಪಾಟಿನ ಧೂಳು ಒರೆಸಿದಳು. ಎರಡು ಪೆಟ್ಟಿಗೆಯ ಟೇಪುಗಳನ್ನೂ ಹೊರಗೆ ತೆಗೆದು, ಒರೆಸಿ, ಮತ್ತೆ ಒಳಗಿಟ್ಟಳು. ಮಧ್ಯಾಹ್ನ ನೀಲಿ ಪೆಟ್ಟಿಗೆ ತಂದು, ಟೇಪು ಅಳಿಸುವ ಅಯಸ್ಕಾಂತದ ಯಂತ್ರಕ್ಕೆ ಒಂದೊಂದಾಗಿ ಕೊಟ್ಟಳು. ನೆಂಟರ ಕಂಪನಿಯ ಅಧಿಕಾರಿ ಚಹಾ ಕುಡಿಯಲು ಹೋಗಿದ್ದ. ಸಾಕ್ಷಿ ನಾನು. ನಾನು ನನ್ನ ಮೇಜಿನಲ್ಲಿ ಒಬ್ಬ ರಾಕ್ಷಸನ ಜೊತೆ ಮೂರನೆಯ ಸಲ ಹೊಡೆದಾಡುತ್ತಿದ್ದೆ. ಅಕ್ಕ ಕಾಗದ ಹಿಡಿದು ಬಂದು, "ಬಾರೇ, ಕೊನೆ ಟೇಪಾದ್ರೂ ನೋಡು," ಎಂದಳು. "ಕೊಡು ಇಲ್ಲಿ," ಎಂದು ಪರದೆಯಿಂದ ಕಣ್ಣು ತೆಗೆಯದೆ ಸಹಿ ಗೀಚಿದೆ. ತಪ್ಪು ಹುಡುಕುವುದಕ್ಕೆಂದೇ ಸಂಬಳ ತಿನ್ನುವವಳು ನಾನು.

ಸಂಜೆ ಅವಳು ನನ್ನನ್ನು ಕೋಣೆಗೆ ಎಳೆದೊಯ್ದಳು. ಕೆಂಪು ಪೆಟ್ಟಿಗೆಯ ಟೇಪೊಂದನ್ನು ಟೇಪು ಓದುವ ಯಂತ್ರಕ್ಕೆ ಹಾಕಿ ತೋರಿಸಿದಳು. ಪರದೆಯ ಮೇಲೆ ಸಿಟ್ಟಿನ ಕರಡಿ ಬಂತು. ಧೂಳು ಒರೆಸುವಾಗ ಟೇಪುಗಳು ಅದಲುಬದಲಾಗಿದ್ದವು. ಅಳಿಸಿಹೋಗಿದ್ದು ನಮ್ಮ ಹುಡುಗಿ, ಅವಳ ಊರು, ಅವಳ ಬಾಗಿಲುಗಳು.

"ನೆಂಟರನ್ನ ಕಳಿಸು ಅಂದ್ರೆ ಮನೆಯವರನ್ನೇ ಕಳಿಸ್ಬಿಟ್ಟೆ ಕಣೇ," ಎಂದಳು. ನಗುವ ಮಾತು. ಇಬ್ಬರೂ ನಗಲಿಲ್ಲ.

ಆಮೇಲೆ ಒಪ್ಪಂದವಾದರೂ ಉಳಿಯಲೆಂದು ಆ ಕರಡಿಯ ಹನ್ನೆರಡು ಟೇಪನ್ನೂ ಅಳಿಸಿದಳು. ಈ ಸಲ ನಾನು ಕಣ್ಣು ಬಿಟ್ಟು ನೋಡಿದೆ, ಆದರೆ ಸಹಿ ಹಾಕುವುದಕ್ಕೆ ಕಾಗದವಿರಲಿಲ್ಲ. ಖಾಲಿ ಟೇಪುಗಳನ್ನು ಎರಡೂ ಪೆಟ್ಟಿಗೆಗೆ ತುಂಬಿ ಅಕ್ಕ ಬೀಗ ಹಾಕಿದಳು. ಮೂರು ಸಲ ಎಳೆದು ನೋಡಿದಳು. ಆ ಚಾಳಿ ಶುರುವಾದದ್ದು ಅಂದೇ.

ಮುಗಿದ ಗೇಮನ್ನು ಯಾರು ಕೇಳುತ್ತಾರೆ ಎಂದುಕೊಂಡೆವು. ಜನ ಕೇಳಿದರು! ಎಂಟು ವರ್ಷದ ಮೇಲೆ ಹೊಸ ಗೇಮ್ ಯಂತ್ರಕ್ಕೆಂದು ಅದನ್ನೇ ಮತ್ತೆ ಬಿಡುಗಡೆ ಮಾಡುವ ಸುದ್ದಿ ಬಂತು. ಅಕ್ಕನಿಗೆ ಅಂದೇ ಜ್ವರ. ನನಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಹೊರಗಿನ ತಂಡವೊಂದು ಅಂಗಡಿಯಲ್ಲಿ ಮಾರಿದ ಡಿಸ್ಕಿನಿಂದಲೇ ಕೆಲಸ ಮುಗಿಸಿತು, ಯಾರೂ ಕಪಾಟಿನ ಹತ್ತಿರ ಸುಳಿಯಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ, ನಮಗೆ ಸಿಕ್ಕಿದ್ದು ಐದೇ ವರ್ಷ. ಆಮೇಲೆ ಹಳೆಯ ಗೇಮುಗಳನ್ನೆಲ್ಲ ಸೇರಿಸಿದ ಕಟ್ಟೊಂದು ಹೊರಟಿತು. ಅಕ್ಕ ಮತ್ತೆ ಮಲಗಿದಳು. ಅದೂ ದಾಟಿತು. ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದಾಗಲೆಲ್ಲ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾವಿಬ್ಬರು ಡಬ್ಬಿ ಮುಚ್ಚಿ ಎದ್ದುಬಿಡುತ್ತಿದ್ದೆವು.

ಈ ವರ್ಷದ್ದು ಬೇರೆ ಮಾತು. ಮ್ಯಾನೇಜರ್ ಸಭೆ ಕರೆದು, "ಈ ಸಲ ಪೂರ್ತಿ ಹೊಸದಾಗಿ ಬಿಡಿಸ್ತೀವಿ. ಡಿಸ್ಕಲ್ಲಿರೋ ಚಿತ್ರ ತೀರಾ ಸಣ್ಣದು, ಮೂಲವೇ ಬೇಕು. ಅಕ್ಕ, ಕೆಂಪು ಪೆಟ್ಟಿಗೆ ಇದೆ ತಾನೆ?" ಎಂದರು.

"ಇದೆ ಸಾರ್," ಎಂದಳು ಅಕ್ಕ. ಇಪ್ಪತ್ತೊಂದು ವರ್ಷದ ರೂಢಿ ಬಾಯಿಂದ ತಾನಾಗಿ ಹೊರಬಿತ್ತು. ಮೇಜಿನ ಕೆಳಗೆ ನನ್ನ ಮೊಣಕಾಲು ಹಿಡಿದ ಅವಳ ಕೈ ಸಭೆ ಮುಗಿಯುವವರೆಗೂ ಸಡಿಲವಾಗಲಿಲ್ಲ. ಅವಳ ನಿವೃತ್ತಿಗೆ ಇನ್ನು ಮೂರು ತಿಂಗಳಿತ್ತು.

ಸೋಮವಾರ ಪೆಟ್ಟಿಗೆ ತೆರೆದರು. ಹನ್ನೆರಡೂ ಟೇಪು ಖಾಲಿ. ಮ್ಯಾನೇಜರ್ ಬೆವರು ಒರೆಸಿಕೊಂಡರು. ಆಗ ಯಾರೋ ನೆನಪು ಮಾಡಿದರು: ಹೋದ ವರ್ಷ ಕಟ್ಟಡ ಬದಲಿಸಿದಾಗ ಈ ಪೆಟ್ಟಿಗೆಗಳು ವ್ಯಾನಿನಲ್ಲಿ ದೊಡ್ಡ ಸ್ಪೀಕರುಗಳ ಪಕ್ಕ ಬಂದಿದ್ದವು. ಸ್ಪೀಕರಿನೊಳಗೆ ಅಯಸ್ಕಾಂತ ಇರುತ್ತದಲ್ಲ! ವ್ಯಾನಿನ ಡ್ರೈವರನ್ನು ಕರೆಸಿದರು. ನಿಧಾನ ಓಡಿಸುತ್ತಾನೆಂದು ನಾವೆಲ್ಲ ಅವನನ್ನು ಮೆಲ್ಲಗಣ್ಣ ಎನ್ನುತ್ತಿದ್ದೆವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೇನು ಎಂದು ಅಂದು ಕಣ್ಣಾರೆ ಕಂಡೆ.

"ಟೇಪಿನ ಪಕ್ಕ ಸ್ಪೀಕರ್ ಇಟ್ಟಿದ್ದು ನೀವೇನಾ?"

"ಜಾಗ ಇರ್ಲಿಲ್ಲ ಸಾರ್. ನಾನೇ ಇಟ್ಟೆ." ಅವನು ಟೇಪುಗಳನ್ನು ನೋಡಿದ. "ಹಾಗಾದ್ರೆ ನನ್ನಿಂದಲೇ ಆಗಿರಬೇಕು ಸಾರ್. ನಂಗೆ ಗೊತ್ತಾಗ್ಲಿಲ್ಲ."

ಇದನ್ನೂ ಮುಚ್ಚಿಡದೆ ಬರೆಯುತ್ತೇನೆ. ಅವನು ಹಾಗೆಂದಾಗ ನನಗೆ ಹೋದ ಜೀವ ಬಂದಂತಾಯಿತು. ನಾವು ಸುಮ್ಮನಿದ್ದರೆ ಸಾಕಿತ್ತು. ಮ್ಯಾನೇಜರ್, "ನಾಳೆಯಿಂದ ಬರಬೇಡಿ," ಎಂದು ಹೇಳಲು ಬಾಯಿ ತೆರೆದಿದ್ದರು.

"ಸಾರ್," ಎಂದು ಅಕ್ಕ ಎದ್ದಳು. ಕುರ್ಚಿ ಹಿಡಿದುಕೊಂಡಳು. "ಅವನದೇನೂ ತಪ್ಪಿಲ್ಲ. ವ್ಯಾನ್ ಹತ್ತೋ ಮುಂಚೇನೇ ಅವು ಖಾಲಿ ಇದ್ವು. ನಾನೇ ಅಳಿಸಿದ್ದು, ಇಪ್ಪತ್ತೊಂದು ವರ್ಷದ ಹಿಂದೆ." ನಡೆದದ್ದನ್ನೆಲ್ಲ ಹೇಳಿ, ಅಳಿಸಿದ ದಿನದ ಕಾಗದವನ್ನು ಮೇಜಿನ ಮೇಲಿಟ್ಟಳು. ಅದರ ಕೆಳಭಾಗವನ್ನು ಕತ್ತರಿಯಲ್ಲಿ ನೇರವಾಗಿ ಕತ್ತರಿಸಲಾಗಿತ್ತು.

"ಸಾಕ್ಷಿ ಯಾರಿದ್ರು?" ಮ್ಯಾನೇಜರ್ ಕೇಳಿದರು.

"ಯಾರೂ ಇರ್ಲಿಲ್ಲ ಸಾರ್. ಎಲ್ಲರಿಗೂ ಅವತ್ತು ಕೆಲಸ ಇತ್ತು."

ಅವಳು ನನ್ನ ಕಡೆ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಾದರೂ ನನಗಿಂತ ಮೇಲು. ನಾನು ಬೆರಳನ್ನೂ ಅಲ್ಲಾಡಿಸಲಿಲ್ಲ. ಮೆಲ್ಲಗಣ್ಣ ಮಾತ್ರ ಅಳುತ್ತಿದ್ದ, ಅಕ್ಕನ ಸಲುವಾಗಿ.

ಮ್ಯಾನೇಜರ್ ಕೆಟ್ಟವರಲ್ಲ. ಅಕ್ಕನಿಗೆ ಮೂರು ತಿಂಗಳು ಮೊದಲೇ ಬಿಡುಗಡೆ, ನಾಳೆ ಒಂದು ಬೀಳ್ಕೊಡುಗೆ. ಮೆಲ್ಲಗಣ್ಣ ಎಂದಿನಂತೆ ವ್ಯಾನು ಓಡಿಸುತ್ತಿದ್ದಾನೆ. ಚಿತ್ರದವರು ಅಂಗಡಿಯ ಡಿಸ್ಕನ್ನು ಆಡಿಸಿ, ಹುಡುಗಿಯ ಕತ್ತಿಯ ಉದ್ದವನ್ನು ಪರದೆಯ ಮೇಲೆ ಅಳತೆ ಪಟ್ಟಿ ಹಿಡಿದು ಅಳೆಯುತ್ತಿದ್ದಾರೆ.

ದಾಸ್ತಾನು ಕೋಣೆಯ ಬೀಗದ ಕೈ ನನಗೆ ಕೊಟ್ಟಿದ್ದಾರೆ. ನಂಬಿಕಸ್ಥಳಂತೆ. ನಿನ್ನೆ ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು ಎಳೆದು ನೋಡಿದೆ.

ಅಕ್ಕ ಕೆಲಸಕ್ಕೆ ಬಂದ ಕೊನೆಯ ದಿನ ರಾತ್ರಿ ಊಟದ ಡಬ್ಬಿ ತೊಳೆಯಲು ತೆರೆದಾಗ ಮುಚ್ಚಳದೊಳಗೆ ಮಡಿಸಿದ ಕಾಗದದ ಚೂರು ಸಿಕ್ಕಿತು. ನನ್ನ ಸಾಕ್ಷಿ ಸಹಿ. ಅಕ್ಕನಿಗೆ ಫೋನ್ ಮಾಡಿದೆ.

"ಹರಿದು ಹಾಕೇ," ಎಂದಳು. "ಇಬ್ಬರು ಯಾಕೆ ಹೋಗ್ಬೇಕು? ನಿಂಗಿನ್ನೂ ಆರು ವರ್ಷ ಇದೆ."

"ಅಕ್ಕ, ನಿಂಗೀಗ ಭಯ ಇಲ್ವಾ?"

"ನಿದ್ದೆ ಬರ್ತಿದೆ ಕಣೇ," ಎಂದಳು. "ಎಷ್ಟು ನಿದ್ದೆ ಅಂತೀಯ."

ನಾನು ಹರಿಯಲಿಲ್ಲ. ಆ ಚೂರನ್ನು ಈ ಪುಟದ ಕೆಳಗೆ ಅಂಟಿಸಿದ್ದೇನೆ. ನಾಳೆ ಎಲ್ಲರ ಮುಂದೆ ಇದನ್ನು ಓದಬೇಕಾದವಳು ನಾನೇ, ಈಗಲೇ ಅಕ್ಷರ ಸೊಟ್ಟಗಾಗುತ್ತಿದೆ. ಮೇಲಿನ ಸಹಿ ಅಂದು ನೋಡದೆ ಹಾಕಿದ್ದು. ಅದರ ಕೆಳಗಿನದು ಇಂದು ನೋಡಿ ಹಾಕಿದ್ದು.