ಕೆಂಗೇರಿ ಸಂತೆಯ ಬುತ್ತಿ

ವಿಜಯನಗರ ಬಡಾವಣೆಯೆಂಬ ಹೆಸರೇ ಇಲ್ಲದೆ ನಮ್ಮೂರ ಸುತ್ತೆಲ್ಲ ರಾಗಿ ಹೊಲವಿದ್ದ ಐವತ್ತರ ದಶಕದಲ್ಲಿ, ನಮ್ಮ ಪಾಲಿಗೆ ಕೆಂಗೇರಿಯೇ ಗಡಿ. ಅದರಾಚೆ ಎರಡು ಮೈಲಿಗೆ ಅವ್ವನ ತವರೂರು. ಯಾವುದೋ ಮದುವೆಮನೆಯಲ್ಲಿ ಅಪ್ಪನಿಗೂ ಸೋದರಮಾವನಿಗೂ ಮಾತಿಗೆ ಮಾತು ಬೆಳೆದು, ಒಬ್ಬರ ಹೊಸಿಲು ಇನ್ನೊಬ್ಬರು ತುಳಿಯಕೂಡದೆಂದು ತೀರ್ಮಾನವಾಗಿತ್ತು. ಗಂಡಸರ ಜಂಬ, ಹೆಂಗಸರಿಗೆ ಶಿಕ್ಷೆ. ಸಂತೆಗೆ ಹೋಗಬೇಡವೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಹಾಗಾಗಿ ವಾರಕ್ಕೊಮ್ಮೆ ಕೆಂಗೇರಿ ಸಂತೆಯ ಹುಣಸೆಮರದಡಿ ಅಜ್ಜಿ ಆ ಕಡೆಯಿಂದ, ಅವ್ವ ನನ್ನನ್ನು ಕರೆದುಕೊಂಡು ಈ ಕಡೆಯಿಂದ ಬಂದು ಸೇರುತ್ತಿದ್ದರು. ಅವ್ವ ಕಟ್ಟಿದ ಬುತ್ತಿ ಅಜ್ಜಿ ಉಣ್ಣುತ್ತಿದ್ದಳು, ಅಜ್ಜಿ ತಂದದ್ದನ್ನು ಅವ್ವ. ಉಪ್ಪು, ಮೆಣಸಿನಕಾಯಿ ಕೊಳ್ಳುವುದೆಲ್ಲ ಬರೀ ನೆಪ.

ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ವಾರ ಅಜ್ಜಿ ಕಾಣಲಿಲ್ಲ. ಅವಳ ಊರಿನ ಸೊಪ್ಪಿನವಳು ಎಂದಿನಂತೆ ಮರದ ಪಕ್ಕ ಕೂತಿದ್ದಳು. ನಮ್ಮನ್ನು ಕಂಡವಳೇ ತಲೆ ತಗ್ಗಿಸಿ ಸೊಪ್ಪಿಗೆ ನೀರು ಚಿಮುಕಿಸತೊಡಗಿದಳು.

"ನಮ್ಮವ್ವ ಹೊರಟಿದ್ಲಾ ಅಕ್ಕಾ?" ಎಂದಳು ಅವ್ವ.

"ಬಿಸ್ಲಲ್ಲಿ ನಡ್ಕೊಂಡ್ ಬಂದಿದ್ದೀಯ. ಮೊದ್ಲು ಒಂದ್ ತುತ್ತು ಉಣ್ಣು ಕಣವ್ವ."

"ಅವ್ವ ಬರ್ಲಿ, ಜತೇಲೇ ಉಣ್ತೀನಿ."

ಮಧ್ಯಾಹ್ನವಾಯಿತು. ಸೊಪ್ಪಿನವಳು ಮತ್ತೆ ಮತ್ತೆ ಅದೇ ಮಾತು ಎತ್ತಿದಳು. ಹೋಟೆಲಿನಿಂದ ಎಲೆಯಲ್ಲಿ ಇಡ್ಲಿ ಕಟ್ಟಿಸಿಕೊಂಡು ಬಂದಳು. ನಾನು ಗಬಗಬನೆ ತಿಂದೆ. ಅವ್ವ ಮುಟ್ಟಲಿಲ್ಲ. "ಏನಿವತ್ತು ನಿಂದು ಇಷ್ಟೊಂದು ಉಪಚಾರ?" ಎಂದು ನಕ್ಕಳು.

ಬಿಸಿಲು ಇಳಿದು ವ್ಯಾಪಾರದವರು ಗೋಣಿ ಮಡಚತೊಡಗಿದಾಗ ಸೊಪ್ಪಿನವಳಿಗೆ ತಡೆಯಲಾಗಲಿಲ್ಲ.

"ನಿಮ್ಮವ್ವ ಬೆಳಗಿನ ಜಾವ ಹೋಗ್ಬುಟ್ಲು ಕಣವ್ವ. ನಿಂಗೆ ತಿಳಿಸು ಅಂತ ನಿಮ್ಮಣ್ಣ ನನ್ನ ಕೈಲಿ ಹೇಳಿ ಕಳಿಸ್ತು. ಕೇಳಿದ್ ಮ್ಯಾಲೆ ನೀನು ಮಣ್ಣಾಗೋ ಗಂಟ ನೀರೂ ಮುಟ್ಟಲ್ಲ. ಅದ್ಕೇ, ಉಂಡ್ಮೇಲೆ ಹೇಳಾನ ಅಂತ..."

ಹಸಿದವರಿಗೆ ಸಾವಿನ ಸುದ್ದಿ ಹೇಳಬಾರದು, ಅದು ನಮ್ಮವರ ರೂಢಿ. ನಮ್ಮ ಬಾಗಿಲಿಗೆ ಬರುವಂತಿಲ್ಲವಲ್ಲ, ಮಾವ ಸುದ್ದಿಯನ್ನೂ ಸಂತೆಗೇ ಕಳಿಸಿದ್ದ.

ಅವ್ವ ಓಡಿದಳು. ಎರಡು ಮೈಲಿಯೂ ನಾನು ಅಳುತ್ತಾ ಹಿಂದೆ ಓಡಿದೆ. ಹೊಲದಂಚು ಮುಟ್ಟಿದಾಗ ಗುಂಡಿ ಮುಚ್ಚಿ ಗುದ್ದಲಿ ತೊಳೆಯುತ್ತಿದ್ದರು.

"ಇಷ್ಟೊತ್ತೂ ಕಾದ್ವಿ ಕಣವ್ವ," ಎಂದ ಮಾವ. "ಬಾವ ಬಿಡ್ಲಿಲ್ಲ ಅಂದ್ಕೊಂಡ್ವಿ."

ಅವ್ವನ ಕಂಕುಳಲ್ಲಿ ಬುತ್ತಿ ಗಂಟು ಹಾಗೇ ಇತ್ತು. ಹಸಿಮಣ್ಣಿನ ಮೇಲೆ ಕೈಯೂರಿ, "ನಿನ್ನ ಮುಖಾನೂ ತೋರ್ಸದೆ ಹೋದ್ಯಲ್ಲೇ" ಎಂದು ಒಂದೇ ಸಮನೆ ಅತ್ತಳು.

ಸೊಪ್ಪಿನವಳನ್ನು ನಾನು ಬಹಳ ವರ್ಷ ಮನಸ್ಸಿನಲ್ಲೇ ಶಪಿಸಿದೆ. ಆ ದಿನ ಅವಳೂ ಉಂಡಿರಲಿಲ್ಲವೆಂದು ಅವ್ವ ಹೇಳಿದ ಮೇಲೆ ಅದೂ ಆಗಲಿಲ್ಲ.

ಆಮೇಲೆ ನಮ್ಮೂರಿಗೆ ಬಂದ ಸೊಸೆಯರ ತವರಿಂದ ಸಾವಿನ ಸುದ್ದಿ ಬಂದರೆ ಹೇಳಲು ಅವ್ವನೇ ಹೋಗುತ್ತಿದ್ದಳು. ಅವರು ತಟ್ಟೆಯ ಮುಂದೆ ಕೂತಿದ್ದರೂ ಕಾಯುತ್ತಿರಲಿಲ್ಲ. ಕಲ್ಲೆದೆಯವಳು ಎಂದು ಊರವರು ಬೈಯುತ್ತಿದ್ದರು. ಅವ್ವ ಮಾತ್ರ ಆ ಹೆಣ್ಣಿನ ಕೈ ಹಿಡಿದು ಎಬ್ಬಿಸಿ, ಅದೊಂದೇ ಮಾತು ಹೇಳುತ್ತಿದ್ದಳು:

"ತುತ್ತು ಬಿಡವ್ವ, ಎದ್ದೇಳು. ಓಡಿದ್ರೆ ಮುಖ ಸಿಕ್ತದೆ."