ಎಣ್ಣೆ ಒರೆಸದ ತೋಳು

ಇದನ್ನು ಬರೆಯಲೆಂದು ಕೂತು ಎದ್ದದ್ದು ಎಷ್ಟೋ ಸಲ. ಕಣ್ಣು ಮಂಜು, ಕೈ ನಡುಕ ಎಂದು ನೆಪ ಹೇಳಿಕೊಂಡೆ. ನಿಜವಾದ ಕಾರಣ ನಾಚಿಕೆ.

ಅರವತ್ತರ ದಶಕದ ಆರಂಭ. ಹೈಸ್ಕೂಲು ಮುಗಿಸಿದ್ದ ನನಗೆ ಶಿರಸಿಯಲ್ಲಿ ಒಂದು ಕೆಲಸ ಸಿಕ್ಕಿತು. ಹುಬ್ಬಳ್ಳಿ ಕಡೆಯ ಡಾಕ್ಟರೊಬ್ಬರು ಪೇಟೆಯಲ್ಲಿ ಕೋಣೆ ಹಿಡಿದು, ದೋಣಿಗೆ ಹುಟ್ಟು ಹಾಕುವ ಅಂಬಿಗರ ತೋಳು ಹೇಗೆ ದಣಿಯುತ್ತದೆಂದು ಅಳೆಯುತ್ತಿದ್ದರು. ಸ್ನಾಯು ಬಿಗಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಹಿಡಿದು ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ತೋಳು ದಣಿದಂತೆ ಗೆರೆಯ ಕುಣಿತ ಹೆಚ್ಚುತ್ತಿತ್ತು. ಅಂಬಿಗರು ಬೆಂಚಿನ ಮೇಲೆ ಕೂತು, ತೂಕ ಕಟ್ಟಿದ ಹಗ್ಗವನ್ನು ಹುಟ್ಟಿನಂತೆ ಎಳೆಯಬೇಕು. ಮೊದಲು ಅವರ ತೋಳನ್ನು ಸ್ಪಿರಿಟ್ಟಿನಲ್ಲಿ ತಿಕ್ಕಿ, ತಂತಿಯ ಬಿಲ್ಲೆಗಳನ್ನು ಕಟ್ಟುವುದು ನನ್ನ ಕೆಲಸ. ಚರ್ಮದ ಮೇಲೆ ಎಣ್ಣೆ ಉಳಿದರೆ ಬಿಲ್ಲೆ ಸರಿಯಾಗಿ ಹತ್ತದೆ, ತೋಳು ದಣಿಯದಿದ್ದರೂ ಗೆರೆ ಕುಣಿಯುತ್ತಿತ್ತು.

ಒಂದು ದಿನ ಬನವಾಸಿ ಕಡೆಯ ಅಂಬಿಗನೊಬ್ಬ ಬಂದ. ಆ ಊರಿನ ದೋಣಿಯನ್ನು ಪ್ರತಿ ಮಳೆಗಾಲ ಯಾರಿಗೆ ವಹಿಸಬೇಕೆಂದು ತೀರ್ಮಾನಿಸುವ ಪಂಚಾಯ್ತಿ ಚೇರ್ಮನ್ನರೂ ಯಂತ್ರ ನೋಡಲು ಜೊತೆಗೆ ಬಂದಿದ್ದರು.

"ಒಡ್ಯಾ, ಎಣ್ಣೆ ಹಚ್ಕೊಂಡ್ ಬಂದೇನ್ರಿ. ಹುಟ್ಟು ಹಿಡಿಯೋ ಮೊದ್ಲು ಹಚ್ಚೋದು ರೂಢಿ. ಒರಸ್ರಿ," ಎಂದು ಅಂಬಿಗ ನನ್ನತ್ತ ತೋಳು ಚಾಚಿದ.

ನಮ್ಮದು ಮಡಿಯ ಮನೆ. ಅವನ ಜಾತಿಯವರನ್ನು ಮುಟ್ಟಿದರೆ ಮತ್ತೆ ಸ್ನಾನ. ನಾನು ಹತ್ತಿಯ ತುದಿಯಿಂದ ಅಲ್ಲಿಷ್ಟು ಇಲ್ಲಿಷ್ಟು ಸವರಿ, ಎಣ್ಣೆಯ ಮೇಲೆಯೇ ಬಿಲ್ಲೆ ಕಟ್ಟಿದೆ. ಬೇರೆಯವರಿಗೂ ಹಾಗೇ ಮಾಡುತ್ತಿದ್ದೆ. ಅವರು ಮಿಂದು ಬರುತ್ತಿದ್ದುದರಿಂದ ನಡೆದುಹೋಗಿತ್ತು.

ಮೊದಲ ಎಳೆತಕ್ಕೇ ಗೆರೆ ಹುಚ್ಚಾಪಟ್ಟೆ ಕುಣಿಯಿತು.

"ಶುರುವಿನಾಗ ಹಿಂಗ್ಯಾಕ? ದಣದೀಯೇನು?" ಎಂದರು ಡಾಕ್ಟರು.

"ಈಗ ಕುಂತೇನ್ರಿ ಸಾಹೇಬ್ರ. ದೋಣಿ ಇನ್ನೂ ದಡಾನ ಬಿಟ್ಟಿಲ್ಲ!" ಎಂದು ಅಂಬಿಗ ನಕ್ಕ.

ಡಾಕ್ಟರು ನನ್ನತ್ತ ತಿರುಗಿದರು. "ತೋಳು ಛಲೋ ತಿಕ್ಕೀಯಿಲ್ಲೋ?"

"ತಿಕ್ಕಿದ್ದೇನೆ ಸರ್."

ಅಂಬಿಗ ನನ್ನ ಮುಖ ನೋಡಿದ. ನಗು ನಿಂತಿತು.

"ತೋಳು ಸೋತಿದೆ ಅಂದಂಗಾಯ್ತು. ತುಂಬಿದ ಹೊಳೇಲಿ ಜನರನ್ನ ಇವನ ಕೈಗೆ ಹ್ಯಾಂಗ್ ಕೊಡೋದು?" ಎಂದರು ಚೇರ್ಮನ್ನರು.

ಆ ಮಳೆಗಾಲ ದೋಣಿ ಬೇರೆಯವನ ಕೈಗೆ ಹೋಯಿತು. ಅಂಬಿಗ ಯಲ್ಲಾಪುರದ ಕಡೆ ರಸ್ತೆಗೆ ಜಲ್ಲಿ ಒಡೆಯಲು ಹೋದ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗ, "ಆರಾಮೇನ್ರಿ, ಒಡ್ಯಾ?" ಎಂದು ಅವನೇ ಕೇಳಿದ. ಹೂಂ ಎಂದು ಸಿದ್ದಾಪುರದ ಬಸ್ಸು ಹತ್ತಿಬಿಟ್ಟೆ.

ಮುಂದೆ ಎಷ್ಟೋ ವರ್ಷಗಳ ಮೇಲೆ ಡಾಕ್ಟರಿಗೆ ಎಲ್ಲ ಬರೆದು ಕ್ಷಮೆ ಕೇಳಿದೆ. ಇರಲಿ, ಆ ಒಂದು ಗೆರೆಯ ಕಾಗದ ಲೆಕ್ಕದಿಂದ ತೆಗೆದುಹಾಕಿದರಾಯಿತು ಎಂದು ಕಾರ್ಡು ಬಂತು. ಅವರಿಗೆ ಹೋದದ್ದು ಒಂದು ಕಾಗದ ಮಾತ್ರ. ದೋಣಿ ಕಳೆದುಕೊಂಡವನು ಬದುಕಿದ್ದಷ್ಟು ದಿನ ಅವನಿರುವಲ್ಲಿಗೆ ಹೋಗಲು ನನಗೆ ಕಾಲು ಬರಲಿಲ್ಲ. ನಾನು ಕ್ಷಮೆ ಕೇಳದೇ ಉಳಿದದ್ದು ಆ ಅಂಬಿಗನನ್ನು.