ಡಬ್ಬಿಯ ತಳದ ತೌಡು

ಎಪ್ಪತ್ತರ ದಶಕದ ಕೊನೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ತಾಲೂಕು ಸೇರಿ ಮನೆಗಳಲ್ಲಿದ್ದ ಏಸಿಗಳು, ನನಗೆ ಗೊತ್ತಿದ್ದ ಮಟ್ಟಿಗೆ, ಏಳು. ಗಂಗಾವತಿಯಲ್ಲಿ ಐದು, ಕೊಪ್ಪಳದಲ್ಲಿ ಎರಡು. ಕುಷ್ಟಗಿ, ಯಲಬುರ್ಗಾದವರು ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು ಮಲಗಿ ನಮ್ಮಂಥವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದರು. ಆ ಏಳನ್ನೂ ರಿಪೇರಿ ಮಾಡುವವನು ನಾನೊಬ್ಬನೇ. ಹೆಸರು ತಿರುಪತಿ, ಕೊಪ್ಪಳದ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ. ಹುಬ್ಬಳ್ಳಿಯಲ್ಲಿ ಎರಡು ವರ್ಷ ಕಲಿತು ಬಂದಿದ್ದೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ, ನಾಲ್ಕು ತಾಲೂಕಿನ ಬುದ್ಧಿಯೆಲ್ಲ ನನ್ನ ಪಾನ, ಸ್ಕ್ರೂಡ್ರೈವರಿನ ಪೆಟ್ಟಿಗೆಯಲ್ಲೇ ಇದೆ ಎಂದು ನಂಬಿಕೊಂಡಿದ್ದೆ.

ಆ ಸೊಕ್ಕು ಇಳಿಸಿದವಳು ಹಂಪವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಸ್ಕ್ರೂಡ್ರೈವರನ್ನು ಜೀವಮಾನದಲ್ಲಿ ಹಿಡಿದವಳಲ್ಲ. ಆದರೂ ಈ ಕೆಲಸದಲ್ಲಿ ನಿನ್ನ ಗುರು ಯಾರು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅವಳ ಹೆಸರನ್ನೇ. ಹುಬ್ಬಳ್ಳಿಯ ಮೇಷ್ಟ್ರು ಬೇಕಾದರೆ ಬೇಸರ ಮಾಡಿಕೊಳ್ಳಲಿ.

ಅವಳು ಗಂಗಾವತಿಯ ಅಮರಪ್ಪನವರ ಮನೆಯಲ್ಲಿ ಕೆಲಸಕ್ಕಿದ್ದಳು. ಅಮರಪ್ಪನವರದು ಅಕ್ಕಿ ಗಿರಣಿ, ಗಿರಣಿಯ ಆವರಣದಲ್ಲೇ ಮನೆ. ಅವರ ತಾಯಿ ಕಳಕಮ್ಮನಿಗೆ ಎಪ್ಪತ್ತು ದಾಟಿತ್ತು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಆ ಮುದುಕಿಗೆ ಎರಡು ಸಲ ಬಿಸಿಲು ಬಡಿಯಿತು. ಎರಡನೇ ಸಲ ಮೂರು ದಿನ ಎಚ್ಚರವೇ ಇರಲಿಲ್ಲ. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ, ಬೇಸಿಗೆ ಮುಗಿಯುವ ತನಕ ತಂಪಿನಲ್ಲಿಡಿ ಎಂದು ಡಾಕ್ಟರು ಹೇಳಿದ ಮೇಲೆ ಅಮರಪ್ಪನವರು ಹೈದರಾಬಾದಿನಿಂದ ಏಸಿ ತರಿಸಿ ತಾಯಿಯ ಕೋಣೆಯ ಗೋಡೆಗೆ ಕೂರಿಸಿದರು. ಕಳಕಮ್ಮನಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಹತ್ತಿರ ಕೂತು ಮಾತಾಡುವುದು ಎಲ್ಲ ಹಂಪವ್ವನ ಕೆಲಸ. ಇಪ್ಪತ್ತು ವರ್ಷದಿಂದ ಅದೇ ಮನೆ, ಅದೇ ಅಮ್ಮ.

ಹಂಪವ್ವ ಹುಟ್ಟಿದ್ದು ಯಲಬುರ್ಗಾ ಕಡೆಯ ಎರೆಹೊಲದ ಹಳ್ಳಿಯೊಂದರಲ್ಲಿ. ಅಲ್ಲಿ ಯುಗಾದಿ ಬಂದರೆ ಬಾವಿಯ ತಳ ಕಾಣುತ್ತದೆ, ಮನೆಗೆ ಇಷ್ಟೇ ಕೊಡ ಎಂದು ಪಾಳಿ ಹಚ್ಚುತ್ತಾರೆ. ಹಾಗೆ ಬೆಳೆದವಳು ನೀರು ಹನಿಯುವುದನ್ನು ಕಂಡು ಸುಮ್ಮನೆ ಹಾದುಹೋಗುವುದು ಸಾಧ್ಯವಿರಲಿಲ್ಲ. ಏಸಿಯ ಹಿಂಭಾಗದಿಂದ ಹಿತ್ತಲಿಗೆ ನೀರು ತೊಟ್ಟಿಕ್ಕತೊಡಗಿದಾಗ ಮನೆಯವರೆಲ್ಲ ಕೆಸರಾಯಿತು ಎಂದರು. ಇವಳು ಹಳೆಯ ಡಾಲ್ಡಾ ಡಬ್ಬಿಯೊಂದನ್ನು ತಂದು ಕೆಳಗಿಟ್ಟಳು. ಬೆಳಿಗ್ಗೆ ಏಸಿ ಹಚ್ಚಿದರೆ ಊಟದ ಹೊತ್ತಿಗೆ ಒಂದು ಡಬ್ಬಿ. ಆ ನೀರನ್ನು ಅಲ್ಲೇ ನೆಟ್ಟಿದ್ದ ಕರಿಬೇವಿನ ಸಸಿಗೆ ಸುರಿಯುವಳು. ಮೊದಲ ಸಲ ಅದನ್ನು ನೋಡಿ ನಾನು ನಕ್ಕಿದ್ದೆ.

ಎಪ್ಪತ್ತೊಂಬತ್ತರ ಏಪ್ರಿಲ್ ಕೊನೆಯಲ್ಲಿ ಆ ಏಸಿಯ ಧೂಳು ಸೋಸುವ ಜಾಳಿಗೆ ಹರಿದಿತ್ತು. ಹೊಸದನ್ನು ಹುಬ್ಬಳ್ಳಿಯಿಂದ ತರುತ್ತೇನೆ, ಅಲ್ಲಿಯವರೆಗೆ ಹಾಗೇ ಓಡಲಿ, ಏನೂ ಆಗುವುದಿಲ್ಲ ಎಂದು ಹೇಳಿ ಹರಿದದ್ದನ್ನು ತೆಗೆದುಕೊಂಡು ಬಂದೆ. ಅಮರಪ್ಪನವರು ಗಿರಣಿಯಲ್ಲಿದ್ದರು. ಕೋಣೆಯಲ್ಲಿ ನಿದ್ದೆಹೋಗಿದ್ದ ಮುದುಕಿಯ ಹತ್ತಿರ ಇದ್ದವಳು ಹಂಪವ್ವ ಒಬ್ಬಳೇ. “ಅಲ್ಲಿತನಾ ಬಾಯಿ ತಕ್ಕೊಂಡ ಇರಬೇಕೇನು ಇದು?” ಎಂದು ಕೇಳಿದಳು. ನಾನು ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಬಾಗಿಲು ದಾಟಿದೆ. ಬೇಸಿಗೆ ಭತ್ತ ಗಿರಣಿಗೆ ಬಂದು ಬೀಳುವ ದಿನಗಳು, ಆವರಣದ ತುಂಬ ತೌಡಿನ ಧೂಳು. ಅದು ನನ್ನ ತಲೆಗೇ ಹೋಗಲಿಲ್ಲ. ಎಂಟು ದಿನ ಬಿಟ್ಟು ಹೊಸ ಜಾಳಿಗೆ ಹಾಕಿ ಕೈ ತೊಳೆದುಕೊಂಡೆ.

ಮೇ ನಡುವೆ ಕರೆ ಬಂತು, ತಂಪಾಗುತ್ತಿಲ್ಲ ಎಂದು. ನಾನು ಮುಟ್ಟುವ ಹೊತ್ತಿಗೆ ಏಸಿ ಬಂದ್ ಮಾಡಿ ಎರಡು ತಾಸಾಗಿತ್ತು. ಹಚ್ಚಿದೆ, ತಣ್ಣನೆ ಗಾಳಿ ಬಂತು. ಎಲ್ಲ ವೋಲ್ಟೇಜಿನ ಆಟ ಎಂದು ಹೇಳಿ ಚಹಾ ಕುಡಿದು ಎದ್ದೆ. ಎರಡು ದಿನಕ್ಕೆ ಮತ್ತೆ ಕರೆ. ಈ ಸಲ ಏಸಿ ಬೆಳಗಿನಿಂದ ಓಡುತ್ತಲೇ ಇತ್ತು. ಮುಂದೆ ಕೈ ಹಿಡಿದರೆ ಗಾಳಿ ಇದೆಯೋ ಇಲ್ಲವೋ ಎನ್ನುವಷ್ಟಿತ್ತು. ಜಾಳಿಗೆ ಪಕ್ಕದಿಂದ ಎಳೆದರೆ ಬರುತ್ತದೆ. ಎಳೆದು ನೋಡಿದೆ, ನಾನೇ ಹಾಕಿದ ಹೊಸ ಜಾಳಿಗೆ, ಸ್ವಚ್ಛವಾಗಿತ್ತು. ಮುಂದಿನ ಮುಚ್ಚಳ ಬಿಚ್ಚುವ ಗೋಜಿಗೇ ಹೋಗಲಿಲ್ಲ.

“ಗ್ಯಾಸ್ ಸೋರಿ ಹೋಗೈತ್ರಿ ಸಾವ್ಕಾರ್ರ. ಒಳಗಿನ ಕೊಳವಿ ತೂತು ಬಿದ್ದಿರಬೇಕು. ಹೈದ್ರಾಬಾದಿಗೆ ಕಳಿಸಬೇಕ್ರಿ, ಇಪ್ಪತ್ತು ದಿನ ಆಗತೈತಿ” ಎಂದೆ.

“ಇಪ್ಪತ್ತು ದಿನ ಅಂದ್ರ ಮಿರಗಾನ ಬರ್ತತಲ್ಲೋ ತಿರುಪತಿ. ಅಲ್ಲಿತನಾ ಅವ್ವ ಹೆಂಗ?” ಎಂದರು ಅಮರಪ್ಪನವರು.

ಒಳಗೆ ಕಳಕಮ್ಮ ಒದ್ದೆ ಧೋತರ ಹೊದ್ದು ಮಲಗಿದ್ದಳು. ಮುಖ ಕೆಂಪಗೆ ಕಾದಿತ್ತು, ಬೆಳಗಿನಿಂದ ಎರಡು ಸಲ ಮಾತು ತೊದಲಿತ್ತಂತೆ. ಜೂನ್ ಮೊದಲ ವಾರದ ಮಿರಗದ ಮಳೆ ಬೀಳುವವರೆಗೆ ಆ ಜೀವ ನಿಲ್ಲುತ್ತದೋ ಇಲ್ಲವೋ ಎನ್ನುವುದು ಈಗ ನನ್ನ ಮಾತಿನ ಮೇಲೆ ನಿಂತಿತ್ತು. ಮಧ್ಯಾಹ್ನ ಗಿರಣಿಯ ಲಾರಿ ಅಕ್ಕಿ ಹೇರಿಕೊಂಡು ಹೈದರಾಬಾದಿಗೆ ಹೊರಡುವುದಿತ್ತು. ಇದನ್ನೂ ಹಾಕಿ ಕಳಿಸಿ ಎಂದು ಅಮರಪ್ಪನವರು ಹೇಳಿದರು. ನಾನು ಏಸಿ ಬಂದ್ ಮಾಡಿ, ಗೋಡೆಯಿಂದ ಕೀಳಲು ಹಿತ್ತಲಿಗೆ ಹೋಗಿ ಹಿಂದಿನ ಸ್ಕ್ರೂಗಳಿಗೆ ಕೈ ಹಾಕಿದೆ.

ಹಂಪವ್ವ ಡಬ್ಬಿ ಎತ್ತಿಕೊಂಡು ನನ್ನ ಮುಂದೆ ಬಂದು ನಿಂತಳು.

“ತಮ್ಮಾ, ಇದನ್ನಷ್ಟು ನೋಡು.”

“ನಿನ್ನ ಕರಿಬೇವಿಗೆ ಬ್ಯಾರೆ ನೀರು ಹಾಕ ಬೇ. ನನಗ ಕೆಲಸ ಐತಿ.”

ಅವಳು ಜರುಗಲಿಲ್ಲ. “ಎಂಟು ದಿನ ಆತು, ಪೆಟಗಿ ನಡದಾಗ ಡಬ್ಬಿಗೆ ನೀರ ಬೀಳವಲ್ದು. ಬಂದ್ ಮಾಡಿದ್ರ ಸಾಕು, ಒಮ್ಮೆಲೆ ಸುರಿದು ಡಬ್ಬಿ ತುಂಬಿ ಹರಿತೈತಿ. ಕೈ ಹಚ್ಚಿದ್ರ ಸೋಡಾ ಅಂಗಡಿ ಬರ್ಫಿನ ನೀರು ಇದ್ದಂಗ ಐತಿ. ಅಷ್ಟು ನೀರು ಹಗಲೆಲ್ಲ ಎಲ್ಲಿ ಕುಂತಿರತೈತಿ?”

ನನ್ನ ಕೈ ನಿಂತಿತು. ಆದರೆ ಕಲಿತವನ ಸೊಕ್ಕು ಅಷ್ಟು ಬೇಗ ನಿಲ್ಲುವುದಿಲ್ಲ. “ಗ್ಯಾಸ್ ಕಮ್ಮಿ ಆದ್ರೂ ಒಳಗ ಬರ್ಫ ಕಟ್ಟತೈತಿ ಬೇ. ಹುಬ್ಬಳ್ಳ್ಯಾಗ ಹೇಳಿಕೊಟ್ಟಾರ.”

“ಕೊಟ್ಟಿರಬೇಕು. ಮತ್ತ ಇದಕ್ಕೇನಂತಾರ ಹುಬ್ಬಳ್ಳ್ಯಾಗ?”

ಡಬ್ಬಿ ಬಾಗಿಸಿ ನೀರನ್ನು ಮೆಲ್ಲಗೆ ಚೆಲ್ಲಿದಳು. ತಳದಲ್ಲಿ ಬೆರಳು ದಪ್ಪ ಕಂದು ರಾಡಿ. ಒಂದಿಷ್ಟು ಬೆರಳಿಗೆ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಎಮ್ಮೆಗಿಡುವ ಮುಸುರೆಯ ವಾಸನೆ. ಹುಳಿತ ತೌಡು ಅದು.

“ಹೋದ ವರ್ಷ ತಳದಾಗ ಏನೂ ಇರತಿದ್ದಿಲ್ಲ. ಬಾವಿ ಸೆಲಿ ಬತ್ತಿಲ್ಲ ತಮ್ಮಾ, ಸೆಲಿಗೆ ಹೂಳು ತುಂಬೈತಿ. ಹೂಳು ತಗದು ನೋಡಲಾರದ ಬಾವೀನ ಹೊತಗೊಂಡು ಹೈದ್ರಾಬಾದಿಗೆ ಹೊಂಟ್ರ ಹೆಂಗ?”

ನಾನು ಸ್ಕ್ರೂಡ್ರೈವರು ಹಿಡಿದುಕೊಂಡೇ ಕೋಣೆಯೊಳಗೆ ಓಡಿದೆ. ಮುಂದಿನ ಮುಚ್ಚಳ ಬಿಚ್ಚಿದೆ. ತಂಪು ಮಾಡುವ ತಗಡಿನ ಸಾಲು ಕಾಣಬೇಕಾದ ಜಾಗದಲ್ಲಿ ಅಂಗೈ ದಪ್ಪ ಬರ್ಫ ಕಟ್ಟಿತ್ತು. ಅದು ಕರಗಿ ಬಿದ್ದ ಮೇಲೆ ತಗಡಿನ ಸಂದುಸಂದಿನಲ್ಲೂ ಕಂಬಳಿಯ ಹಾಗೆ ಒತ್ತಿಕೊಂಡ ತೌಡು ಕಂಡಿತು. ಗಾಳಿ ಹಾಯಲು ಸಂದೇ ಇಲ್ಲ, ಗಾಳಿ ಹಾಯದೆ ಒಳಗಿನ ನೀರು ಹೆಪ್ಪುಗಟ್ಟುತ್ತಿತ್ತು. ಗ್ಯಾಸ್ ಎಲ್ಲೂ ಹೋಗಿರಲಿಲ್ಲ. ಜಾಳಿಗೆ ಇಲ್ಲದೆ ಓಡಿದ ಆ ಎಂಟು ದಿನ ನನ್ನ ಕಣ್ಣ ಮುಂದೆ ಬಂದು ನಿಂತವು. ಮುದುಕಿಯನ್ನು ಈ ಸ್ಥಿತಿಗೆ ತಂದವನು ನಾನೇ.

ಹಿಂದೆ ನಿಂತಿದ್ದ ಅಮರಪ್ಪನವರು ಕೇಳಿದರು, “ಜಾಳಿಗಿ ನೋಡಿದ್ರ ಹೊಸಾದೈತಿ. ಇಷ್ಟು ತೌಡ ಒಳಗ ಹೆಂಗ ಹೋತು?”

ನಾನು ಬಿಚ್ಚಿದ ಸ್ಕ್ರೂಗಳನ್ನು ಎಣಿಸತೊಡಗಿದೆ. ಉತ್ತರ ಗೊತ್ತಿದ್ದ ಇನ್ನೊಬ್ಬಳು, ಹಂಪವ್ವ, ಕಳಕಮ್ಮನ ಹಣೆಯ ಮೇಲಿನ ಬಟ್ಟೆ ಬದಲಿಸುತ್ತ ಹೇಳಿದಳು, “ಗಿರಣಿ ಮನಿ ಅಲ್ರೀ ಸಾವ್ಕಾರ್ರ, ತೌಡ ಎಲ್ಲಿ ಹೋಗಂಗಿಲ್ಲ? ಅನ್ನದ ಗಡಿಗ್ಯಾಗೂ ಬರ್ತತಿ. ಮೊದಲ ಎರಡು ಬಕೀಟು ನೀರು ತರಸ್ರಿ.” ಅವರು ನೀರು ತರಿಸಲು ಹೋದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಸೋಪಿನ ನೀರು, ಸುಣ್ಣ ಬಳಿಯುವ ಮೆತ್ತನೆ ಕುಂಚ. ಆ ತಗಡುಗಳು ಕಾಗದದಷ್ಟು ತೆಳ್ಳಗೆ, ಅಡ್ಡ ತಿಕ್ಕಿದರೆ ಬಾಗುತ್ತವೆ. ಹಣಿಗೆಯಿಂದ ಕೂದಲು ಬಾಚಿದ ಹಾಗೆ ಮೇಲಿನಿಂದ ಕೆಳಕ್ಕೆ ಎಳೆಯುತ್ತ ಹೋದೆ. ಹಂಪವ್ವ ಒಂದು ಕಣ್ಣು ಅಮ್ಮನ ಮೇಲಿಟ್ಟುಕೊಂಡು ತಂಬಿಗೆಯಿಂದ ನೀರು ಹೊಯ್ದಳು. ನಾಲ್ಕು ಗಂಟೆಗೆ, ಎಲ್ಲ ಒಣಗಿದ ಮೇಲೆ, ಏಸಿ ಹಚ್ಚಿದೆವು. ಗಾಳಿ ಕೋಣೆಯ ಆ ತುದಿಯ ಕ್ಯಾಲೆಂಡರನ್ನು ಅಲ್ಲಾಡಿಸಿತು. ಅವಳು ಹಿತ್ತಲಿಗೆ ಹೋಗಿ ಡಬ್ಬಿ ಇಟ್ಟು ಬಂದಳು. ಐದು ಗಂಟೆಗೆ ಹೊರಗೆ ಟಪ್ ಟಪ್ ಎಂದು ಹನಿ ಬೀಳುವ ಸದ್ದು. ಇನ್ನರ್ಧ ತಾಸಿಗೆ ಕಳಕಮ್ಮ ಕಣ್ಣು ಬಿಡದೆಯೇ ಗೊಣಗಿದಳು, “ಹಂಪೀ, ಥಂಡಿ ಹತ್ತೈತಿ, ಏನರ ಹೊಚ್ಚ.” ಅಮರಪ್ಪನವರು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು, ಹೇಳಲು ನಾಚಿಕೆಯಿಲ್ಲ.

ಆ ವರ್ಷ ಮಿರಗ ಹೊತ್ತಿಗೆ ಸರಿಯಾಗಿ ಸುರಿಯಿತು. ಕಳಕಮ್ಮನನ್ನು ಕುರ್ಚಿಯಲ್ಲಿ ಪಡಸಾಲೆಗೆ ತಂದು ಕೂರಿಸಿದ್ದರಂತೆ, ಅವಳು ಸೂರಿನ ನೀರಿಗೆ ಕೈ ಒಡ್ಡಿದಳಂತೆ. ಇದನ್ನು ನನಗೆ ಹೇಳಿದವನು ಗಂಗಾವತಿ ಬಸ್ಸಿನ ಕಂಡಕ್ಟರ್ ಅಬ್ದುಲಸಾಬ.

ಮುಂದೆ ಹಂಪವ್ವ ನನಗೆ ಹೇಳಿ ಕಳಿಸುತ್ತಿದ್ದುದೂ ಅವನ ಬಾಯಿಯಲ್ಲೇ. “ಡಬ್ಬಿ ಖಾಲಿ, ಗೋಡಿ ಹಸಿ ಅಂತಪಾ” ಎನ್ನುವನು. ಅಂದರೆ ನೀರು ಹೊರಗೆ ಬಾರದೆ ಒಳಕ್ಕೆ ಇಳಿಯುತ್ತಿದೆ, ನೀರು ಹೊರಹೋಗುವ ಕೊಳವೆ ಕಟ್ಟಿದೆ ಇಲ್ಲವೇ ಪೆಟ್ಟಿಗೆ ಮುಂದಕ್ಕೆ ವಾಲಿದೆ. ಒಂದು ತಂತಿ, ಒಂದು ಮಟ್ಟಗೋಲು ಹಿಡಿದು ಹೋದರೆ ಸಾಕು. ಒಂದು ಸಲ, “ಗಾಳಿ ಜೋರೈತಿ, ತಂಪಿಲ್ಲ, ಬಂದ್ ಮಾಡಿದ್ರೂ ಹನಿ ನೀರಿಲ್ಲ” ಎಂದು ಬಂತು. ಆ ಸಲ ನಿಜಕ್ಕೂ ಗ್ಯಾಸ್ ಹೋಗಿತ್ತು, ಸಿಲಿಂಡರ್ ಹೊತ್ತುಕೊಂಡೇ ಬಸ್ ಹತ್ತಿದೆ. ಏಸಿ ಗುಂಯ್ ಎಂದು ಟಕ್ಕನೆ ನಿಂತರೆ ಅವಳು ನನಗೆ ಹೇಳಿ ಕಳಿಸುತ್ತಲೇ ಇರಲಿಲ್ಲ. ಗದ್ದೆಯ ಪಂಪುಗಳೆಲ್ಲ ಒಟ್ಟಿಗೆ ಹಚ್ಚಿದ್ದಾರೆ, ಕರೆಂಟಿಗೆ ಬಲವಿಲ್ಲ ಎಂದು ಅವಳಿಗೆ ಗೊತ್ತು. ಸ್ಟೆಬಿಲೈಸರಿನ ಮುಳ್ಳು ಮೇಲೇರುವ ತನಕ ಸ್ವಿಚ್ಚಿಗೆ ಯಾರ ಕೈಯನ್ನೂ ಬಿಡುತ್ತಿರಲಿಲ್ಲ. ಬಂದ್ ಮಾಡಿದ್ದನ್ನು ಕೂಡಲೇ ಹಚ್ಚಬಾರದು, ಐದು ನಿಮಿಷ ಬಿಡಬೇಕು ಎಂದು ನಾನು ಹೇಳಿದ್ದೆ. ಗಡಿಯಾರ ನೋಡಲು ಬಾರದ ಅವಳು ಒಂದು ಎಲೆ ಅಡಿಕೆ ಹಾಕಿ, ಅಗಿದು, ಉಗುಳಿ ಬಂದು ಹಚ್ಚುತ್ತಿದ್ದಳು. ಉಳಿದ ಆರು ಮನೆಗಳಲ್ಲೂ ನಾನು ಡಬ್ಬಿ ಇಡಿಸಿದೆ. ಅಲ್ಲಿ ಡಬ್ಬಿ ಇತ್ತು, ನೋಡುವವರಿರಲಿಲ್ಲ.

ಕಳಕಮ್ಮ ಇನ್ನೂ ಐದು ಬೇಸಿಗೆ ದಾಟಿದಳು. ಎಂಬತ್ತೈದರ ಸಂಕ್ರಾಂತಿ ಕಳೆದ ಚಳಿಯಲ್ಲಿ, ಮುಂಜಾನೆ ಚಹಾ ಕುಡಿದು ಗೋಡೆಗೆ ಒರಗಿದವಳು ಏಳಲಿಲ್ಲ. ಬಿಸಿಲಿಗಂತೂ ಸಿಗಲಿಲ್ಲ. ಮಾತಾಡಿಸಲು ಹೋದಾಗ ಹಂಪವ್ವ ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಕೂತಿದ್ದಳು. ಗಿಡ ಮಾಳಿಗೆಯ ಎತ್ತರಕ್ಕೆ ಬೆಳೆದಿತ್ತು. ಹತ್ತಿರಹತ್ತಿರ ಆರು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಆಗ ಕೇಳಿದೆ.

“ಯವ್ವಾ, ಜಾಳಿಗಿ ತಕ್ಕೊಂಡು ಹೋದಾಂವ ನಾನು. ಸಾವ್ಕಾರ್ರು ಕೇಳಿದಾಗ ಯಾಕ ಹೇಳಲಿಲ್ಲ?”

ನನ್ನ ಮೇಲೆ ಕನಿಕರವಿತ್ತು ಎನ್ನುತ್ತಾಳೆ ಎಂದುಕೊಂಡಿದ್ದೆ.

“ಭಾಳ ಸಿಟ್ಟು ಬಂದಿತ್ತು ತಮ್ಮಾ. ಅಮ್ಮಾಗ ಏನರ ಆಗಿದ್ರ ಓಣಿ ತುಂಬ ಹೇಳತಿದ್ದೆ. ಆದ್ರ ಹೇಳಿದ್ರ ಸಾವ್ಕಾರ್ರು ನಿನ್ನ ಮತ್ತ ಹೊಸ್ತಲಾ ತುಳಿಯಗೊಡ್ತಿರಲಿಲ್ಲ. ಮುಂದಿನ ಬ್ಯಾಸಿಗಿಗೆ ಅಮ್ಮಾಗ ಯಾರು ಬರ್ತಿದ್ರು? ನಾಲ್ಕು ತಾಲೂಕಿಗೆ ನೀ ಒಬ್ಬಾಂವ. ಹೇಳಲಿಲ್ಲಂದ್ರ ಒಳಗೊಳಗ ಅಂಜತಿ, ಹೇಳಿ ಕಳಿಸಿದ ಕೂಡಲೆ ಓಡಿ ಬರ್ತಿ ಅಂತ ಗೊತ್ತಿತ್ತು. ಬಂದಿ ಇಲ್ಲ?”

ಬಂದಿದ್ದೆ. ಅವಳು ಹೇಳಿ ಕಳಿಸಿದಾಗಲೆಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು, ಮೊದಲನೇ ಬಸ್ಸಿಗೆ.